ಪ್ರೋಗ್ ರಾಕ್‌ಗೆ ಹಿತ್ತಿಲ ಬಾಗಿಲಿಂದ ಬನ್ನಿ

ಪ್ರೋಗ್ರೆಸಿವ್ ರಾಕ್ ಕೇಳಬೇಕು ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಅಭಿಮಾನಿಗಳು ಮಾಡುವ ಮೊದಲ ಕೆಲಸ ಅವರನ್ನು ಹೆದರಿಸೋದು. ಯೆಸ್ ಬ್ಯಾಂಡಿನ ಎರಡು ಎಲ್‌ಪಿ ತುಂಬಾ ನಾಲ್ಕೇ ಹಾಡುಗಳಿರುವ ಆಲ್ಬಂ ಕೊಡುತ್ತಾರೆ. ಇಲ್ಲವೇ ನಾಲ್ಕು ದನಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುವ ಜೆಂಟಲ್ ಜೈಂಟ್ ಹಾಡು. ಕೇಳುವವರು ಹತ್ತು ನಿಮಿಷ ತಡೆದುಕೊಂಡು, 'ಚೆನ್ನಾಗಿದೆ' ಅಂತ ಸೌಜನ್ಯಕ್ಕೆ ಹೇಳಿ, ಮತ್ತೆ ಆ ಕಡೆ ತಲೆ ಹಾಕಲ್ಲ. ಸಂಗೀತ ಕಲಿಯೋಕೆ ಬಂದ ಮಗುವಿಗೆ ಸರಳೆ ವರಸೆ ಬಿಟ್ಟು ರಾಗ ತಾನ ಪಲ್ಲವಿ ಶುರು ಮಾಡಿದರೆ ಇನ್ನೇನಾಗುತ್ತೆ?

ಏನಿದು ಪ್ರೋಗ್ ಅಂದರೆ, 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಹುಡುಗರಿಗೆ ಮೂರು ನಿಮಿಷದ ಹಾಡು ಸಾಲದೇ ಹೋಯಿತು. ರಾಕ್ ಜೊತೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಜಾನಪದ ಎಲ್ಲ ಬೆರೆಸಿದರು. ಎಲ್‌ಪಿಯ ಒಂದು ಮಗ್ಗುಲಲ್ಲಿ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಕೆಲವರು ಅಷ್ಟುದ್ದದ ಹಾಡನ್ನೇ ಬರೆದರು. ತಾಳದ ಲೆಕ್ಕ ಕಷ್ಟ ಅನ್ನೋ ಮಾತು ನಮಗೆ ಅಷ್ಟಾಗಿ ಅನ್ವಯಿಸಲ್ಲ. ಪಿಂಕ್ ಫ್ಲಾಯ್ಡ್‌ನ 'ಮನಿ' ಹಾಡಿಗೆ ಏಳು ಬೀಟ್. ಮಿಶ್ರ ಛಾಪು ಕೇಳಿ ಬೆಳೆದವರಿಗೆ ಏಳು ಎಣಿಸೋದು ದೊಡ್ಡ ವಿಷಯವೇ ಅಲ್ಲ. ಕಷ್ಟ ಇರೋದು ಬೇರೆ ಕಡೆ: ಹಿಡಿದುಕೊಳ್ಳೋಕೆ ಒಂದು ಮಟ್ಟು ಸಿಗದೆ ಇಪ್ಪತ್ತು ನಿಮಿಷ ಕೂರೋದು. ಅದಕ್ಕೇ ಹೊಸಬರಿಗೆ ನನ್ನ ಸಲಹೆ, ಮೊದಲು ಮಾಧುರ್ಯ, ಲೆಕ್ಕಾಚಾರ ಆಮೇಲೆ.

ಹಾಗೆ ನೋಡಿದರೆ ಕ್ಯಾಮೆಲ್ ಬ್ಯಾಂಡಿನ 'ದಿ ಸ್ನೋ ಗೂಸ್' (1975) ಆಲ್ಬಂಗಿಂತ ಒಳ್ಳೆ ಬಾಗಿಲು ನನಗೆ ಗೊತ್ತಿಲ್ಲ. ಇದರಲ್ಲಿ ಸಾಹಿತ್ಯವೇ ಇಲ್ಲ, ಹಾಗಾಗಿ ಇಂಗ್ಲಿಷ್ ಉಚ್ಚಾರಣೆ ಅರ್ಥವಾಗಲಿಲ್ಲ ಅನ್ನೋ ತಕರಾರೂ ಇಲ್ಲ. ಪಾಲ್ ಗ್ಯಾಲಿಕೊ ಬರೆದ ಪುಟ್ಟ ಕಾದಂಬರಿಯೊಂದು ಇದರ ಮೂಲ. ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಜೌಗು ನೆಲ, ಅಲ್ಲೊಂದು ಪಾಳುಬಿದ್ದ ಲೈಟ್‌ಹೌಸ್, ಅದರಲ್ಲಿ ಗೂನು ಬೆನ್ನಿನ ಚಿತ್ರಕಾರ ರೇಯಡರ್ ಒಬ್ಬನೇ ಹಕ್ಕಿಗಳನ್ನು ಸಾಕಿಕೊಂಡಿರುತ್ತಾನೆ. ಫ್ರಿತಾ ಅನ್ನೋ ಹುಡುಗಿ ಗಾಯಗೊಂಡ ಹಿಮದ ಹೆಬ್ಬಾತೊಂದನ್ನು ಅವನ ಹತ್ತಿರ ತರುತ್ತಾಳೆ. 1940ರಲ್ಲಿ ಡನ್‌ಕರ್ಕ್ ತೀರದಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಕರೆತರಲು ತನ್ನ ಪುಟ್ಟ ದೋಣಿ ತೆಗೆದುಕೊಂಡು ಹೋದವನು ಮರಳುವುದಿಲ್ಲ.

ಇಷ್ಟು ಕಥೆ ತಲೆಯಲ್ಲಿಟ್ಟುಕೊಂಡು ಕೇಳಿ. ಆಂಡ್ರ್ಯೂ ಲ್ಯಾಟಿಮರ್ ಊದುವ ಕೊಳಲೇ ರೇಯಡರ್. 'ಡನ್‌ಕರ್ಕ್' ಬಂದಾಗ ಸಿಪಾಯಿಗಳ ನಡಿಗೆಯ ಲಯ ಮೆಲ್ಲಗೆ ಶುರುವಾಗಿ ಏರುತ್ತಾ ಹೋಗುತ್ತೆ. ಕೊನೆ ಹತ್ತಿರ 'ಫ್ರಿತಾ ಅಲೋನ್' ಅನ್ನೋ ಚಿಕ್ಕ ತುಣುಕು ಇದೆ. ಗಲಾಟೆಯೆಲ್ಲ ಅಡಗಿ ಕೀಬೋರ್ಡ್ ಒಂದೇ ಉಳಿದುಕೊಂಡ ಹಾಗೆ. ಅಲ್ಲಿ ಯಾರೂ ಏನೂ ಹೇಳಲ್ಲ, ಆದರೂ ಅವನು ಬರಲ್ಲ ಅಂತ ಗೊತ್ತಾಗುತ್ತೆ. ಆಮೇಲೆ ಮೊದಲು ಕೇಳಿದ ಜೌಗು ನೆಲದ ಸಂಗೀತವೇ ವಾಪಸ್ ಬರುತ್ತೆ. ಒಟ್ಟು ಮುಕ್ಕಾಲು ಗಂಟೆಯೊಳಗೆ ಮುಗಿಯುವ ಆಲ್ಬಂ, ಒಂದು ಧಾರಾವಾಹಿ ಎಪಿಸೋಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ.

ಬೇಸರದ ಸಂಜೆಗೆ ಬೇಡ, ಖುಷಿಯಾಗಿರೋದು ಬೇಕು ಅನ್ನೋರಿಗೆ ಕ್ಯಾಂಟರ್ಬರಿ ಊರಿನ ಕ್ಯಾರವಾನ್. 1971ರ 'ಇನ್ ದಿ ಲ್ಯಾಂಡ್ ಆಫ್ ಗ್ರೇ ಆ್ಯಂಡ್ ಪಿಂಕ್' ಆಲ್ಬಂನ ಮೊದಲ ಹಾಡೇ ಗಾಲ್ಫ್ ಮೈದಾನದಲ್ಲಿ ಟೀ ಮಾರುವ ಹುಡುಗಿ ಬಗ್ಗೆ. ಎರಡನೇ ಮಗ್ಗುಲಿನ ತುಂಬ ಒಂದೇ ಹಾಡು, ಇಪ್ಪತ್ತೆರಡು ನಿಮಿಷ ದಾಟುತ್ತೆ. ಹೆದರಬೇಡಿ, ಅದು ಚಿಕ್ಕ ಚಿಕ್ಕ ಭಾಗಗಳನ್ನು ಪೋಣಿಸಿದ ಮಾಲೆ, ಡೇವಿಡ್ ಸಿಂಕ್ಲೇರ್‌ನ ಆರ್ಗನ್ ಕೈ ಹಿಡಿದು ಕರಕೊಂಡು ಹೋಗುತ್ತೆ.

ಕೆನಡಾದ ಕ್ವಿಬೆಕ್‌ನಲ್ಲಿ ಹಾರ್ಮೋನಿಯಮ್ ಅಂತ ಒಂದು ಬ್ಯಾಂಡ್ ಇತ್ತು. ಹೆಸರು ಕೇಳಿ ಭಜನೆ ಮನೆ ನೆನಪಾದರೆ ತಪ್ಪೇನಿಲ್ಲ. ಅವರ 1975ರ ಆಲ್ಬಂ ಹೆಸರಿನ ಅರ್ಥ 'ನಮಗೆ ಐದನೇ ಋತು ಬೇಕಿದ್ದರೆ'. (ಆರು ಋತು ಇರುವ ನಮಗೆ ಇದು ಸ್ವಲ್ಪ ತಮಾಷೆಯೇ.) ನಾಲ್ಕು ಹಾಡು ನಾಲ್ಕು ಋತುಗಳಿಗೆ, ಐದನೆಯದು ಮಾತಿಲ್ಲದ ದೀರ್ಘ ಸಂಗೀತ. ಹಾಡುವುದು ಫ್ರೆಂಚ್‌ನಲ್ಲಿ. ಡ್ರಮ್ಸ್ ಇಲ್ಲವೇ ಇಲ್ಲ, ರಾಕ್ ಅಂದರೆ ಗದ್ದಲ ಅನ್ನುವ ಅಪ್ಪ ಅಮ್ಮನಿಗೂ ಕೇಳಿಸಬಹುದು. ಹಿನ್ನೆಲೆಯಲ್ಲಿ ವಯೊಲಿನ್ ಗುಂಪಿನ ಹಾಗೆ, ಒಮ್ಮೊಮ್ಮೆ ಮಂಜಿನಾಚೆಯಿಂದ ಯಾರೋ ಹಾಡಿದ ಹಾಗೆ ಕೇಳೋದು ಮೆಲೊಟ್ರಾನ್. ಅದರ ಒಂದೊಂದು ಕೀ ಕೆಳಗೂ ಒಂದು ತುಂಡು ಟೇಪು, ಒತ್ತಿದರೆ ಎಂಟು ಸೆಕೆಂಡಿನಷ್ಟು ಮುದ್ರಿತ ಧ್ವನಿ ಓಡಿ ಮುಗಿಯುತ್ತೆ. ಕಂಪ್ಯೂಟರ್ ಸ್ಯಾಂಪಲ್‌ಗಳು ಬರುವ ಮೊದಲಿನ ಈ ಯಂತ್ರದ ಮೇಲೆ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಒಂಥರಾ ಪ್ರೀತಿ.

ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸೋದು ಇಟಲಿಯ ಲೊಕಾಂದಾ ದೆಲ್ಲೆ ಫಾತೆ ಕಥೆ. ಹೆಸರಿನ ಅರ್ಥ 'ಕಿನ್ನರಿಯರ ಛತ್ರ' ಅಂತ ಇಟ್ಟುಕೊಳ್ಳಿ. ಆಸ್ತಿ ಅನ್ನುವ ಊರಿನ ಏಳು ಜನ. 1977ರಲ್ಲಿ ಬಂದ ಅವರ ಮೊದಲ ಆಲ್ಬಂನ ಹೆಸರು, ಹೆಚ್ಚುಕಡಿಮೆ 'ಮಿಂಚುಹುಳುಗಳು ಈಗೀಗ ಪ್ರೀತಿಸೋದನ್ನೇ ಬಿಟ್ಟಿವೆಯೇನೋ' ಅಂತ. ಅಷ್ಟೊತ್ತಿಗೆ ಗಾಳಿ ಬದಲಾಗಿತ್ತು. ಪಂಕ್ ಬಂದಿತ್ತು, ಡಿಸ್ಕೊ ಬಂದಿತ್ತು, ಉದ್ದುದ್ದ ಹಾಡುಗಳು ಹಳೇ ಫ್ಯಾಶನ್ ಅನ್ನಿಸಿಕೊಂಡಿದ್ದವು. ಕೆಲವೇ ವರ್ಷಗಳಲ್ಲಿ ಬ್ಯಾಂಡ್ ಚದುರಿತು, ಎರಡನೇ ಸ್ಟುಡಿಯೊ ಆಲ್ಬಂ ಬರೋಕೆ 1999 ಆಗಬೇಕಾಯಿತು. ಐದಾರು ವರ್ಷ ಮೊದಲೇ ಬಂದಿದ್ದರೆ ಇವರ ಹೆಸರು ಎಲ್ಲರ ಬಾಯಲ್ಲಿರುತ್ತಿತ್ತು ಅಂತಲೇ ನನ್ನ ನಂಬಿಕೆ. ಮೊದಲ ತುಣುಕಲ್ಲಿ ಮಾತಿಲ್ಲ, ಪಿಯಾನೊ ತೊರೆಯ ಹಾಗೆ ಹರಿದು ಬರುತ್ತೆ. ಅದಾದ ಮೇಲೆ ಲಿಯೊನಾರ್ಡೊ ಸಾಸ್ಸೊನ ಗೊಗ್ಗರು ದನಿ. ಅಷ್ಟು ನಯವಾದ ಸಂಗೀತಕ್ಕೆ ಅಷ್ಟು ಒರಟು ಗಂಟಲು ಹೊಂದಲ್ಲ ಅನ್ನೋರಿದ್ದಾರೆ. ನನಗಂತೂ ಬೆಲ್ಲದ ಜೊತೆ ಶುಂಠಿ ಕಚ್ಚಿದ ಹಾಗಿರುತ್ತೆ.

ಇಟಲಿ ರುಚಿಸಿದರೆ ಲೆ ಓರ್ಮೆಯ 'ಫೆಲೋನಾ ಎ ಸೊರೋನಾ' (1973) ಕೇಳಿ. ಬೆಳಕಿನದೊಂದು, ಕತ್ತಲಿನದೊಂದು, ಎರಡು ಗ್ರಹಗಳ ಕಥೆ. ಮೂರೇ ಜನ ನುಡಿಸಿದ್ದು ಅಂದರೆ ನಂಬೋದು ಕಷ್ಟ.

ಒಂದು ಮಾತು. ಇವನ್ನು ಆ್ಯಪ್‌ನಲ್ಲಿ ಕೇಳುವಾಗ ಶಫಲ್ ಆಫ್ ಮಾಡಿ, ಕ್ರಾಸ್‌ಫೇಡ್ ಕೂಡ. 'ಸ್ನೋ ಗೂಸ್' ತುಣುಕುಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ, ಶಫಲ್ ಆದರೆ ರೇಯಡರ್ ಸತ್ತಮೇಲೆ ಊರಿಗೆ ಹೋಗಿ ಬರುತ್ತಾನೆ! ಆಫೀಸ್ ಮೀಟಿಂಗ್ ಮ್ಯೂಟ್ ಮಾಡಿಕೊಂಡು ಕೇಳೋ ಸಂಗೀತ ಇದಲ್ಲ. ತೊಗರಿ ಬಿಡಿಸುತ್ತಾ, ಬಟ್ಟೆ ಮಡಚುತ್ತಾ ಕೇಳಬಹುದು. ಕೈಗೆ ಕೆಲಸ ಇರಲಿ, ತಲೆ ಖಾಲಿ ಇರಲಿ. ಮೊದಲ ಸಲ ಹಿಡಿಸದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಹಾಕಿ. ಆಗಲೂ ಹಿಡಿಸದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ. ಹಿಡಿಸಿತು ಅಂದರೆ ಮಾತ್ರ, ಆ ಜೆಂಟಲ್ ಜೈಂಟ್ ಹತ್ತಿರ ನಿಧಾನಕ್ಕೆ ಹೋಗೋಣ.