ಶಾಲಾ ಮುಖ್ಯ ಶಿಕ್ಷಕರ ತರಬೇತಿ ಮತ್ತು ಶಾಲಾ ಸೇವೆಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪೋಷಕರು ಶಾಲೆಯ ಕಚೇರಿಯಲ್ಲಿ ಸಾಮಾನ್ಯವಾಗಿ ಕೋರುವ ಸೇವೆಗಳೆಂದರೆ ಮಗುವಿನ ದಾಖಲಾತಿ, ವರ್ಗಾವಣೆ ಪ್ರಮಾಣ ಪತ್ರ, ವ್ಯಾಸಂಗ ಪ್ರಮಾಣ ಪತ್ರ ಹಾಗೂ ಜನ್ಮ ದಿನಾಂಕದ ದೃಢೀಕರಣ. ಇವೆಲ್ಲವೂ ಮುಖ್ಯ ಶಿಕ್ಷಕರ ಮೂಲಕವೇ ದೊರೆಯತಕ್ಕವು. ಆದುದರಿಂದ ಮುಖ್ಯ ಶಿಕ್ಷಕರಿಗೆ ನೀಡಲಾಗುವ ತರಬೇತಿಯು ಶಿಕ್ಷಣ ಇಲಾಖೆಯ ಆಂತರಿಕ ವಿಷಯ ಮಾತ್ರವಲ್ಲ. ಅದರ ಫಲವು ಅರ್ಜಿ ಹಿಡಿದು ಬರುವ ಪ್ರತಿಯೊಬ್ಬ ನಾಗರಿಕರಿಗೂ ತಲುಪಬೇಕಾದುದು.

ಅತ್ತಿಗುಪ್ಪೆಯ ಬಾಡಿಗೆ ಮನೆಯಿಂದ ಕೆಂಗೇರಿಗೆ ವಾಸ ಬದಲಾಯಿಸುವ ಕುಟುಂಬವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೆಟ್ರೋ ರೈಲಿನ ನೇರಳೆ ಮಾರ್ಗದಲ್ಲಿ ಈ ಎರಡೂ ಸ್ಥಳಗಳ ನಡುವಿನ ಪ್ರಯಾಣ ಸುಲಭವಾಗಿದೆ. ಆದರೆ ಮಗುವಿನ ಶಾಲೆಯ ಬದಲಾವಣೆ ಅಷ್ಟೇ ಸುಲಭವಾಗುವುದು ಮುಖ್ಯ ಶಿಕ್ಷಕರಿಗೆ ನಿಯಮಗಳು ಸ್ಪಷ್ಟವಾಗಿ ತಿಳಿದಿದ್ದಾಗ ಮಾತ್ರ. ನಿಯಮ ತಿಳಿಯದ ಕಾರಣ ಒಂದು ವಾರ ವಿಳಂಬವಾದಲ್ಲಿ ಮಗುವಿನ ಒಂದು ವಾರದ ಪಾಠ ನಷ್ಟವಾಗುತ್ತದೆ.

ತರಬೇತಿ ನೀಡುವ ಸಂಸ್ಥೆಗಳು

ರಾಜ್ಯ ಮಟ್ಟದಲ್ಲಿ ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು (ಡಿ.ಎಸ್.ಇ.ಆರ್.ಟಿ.) ಶಿಕ್ಷಕರ ತರಬೇತಿಯ ಹೊಣೆ ಹೊಂದಿದೆ. ಶಾಲಾ ನಾಯಕತ್ವ ಹಾಗೂ ಶೈಕ್ಷಣಿಕ ಆಡಳಿತದ ತರಬೇತಿಗಾಗಿ ಧಾರವಾಡದಲ್ಲಿ ಸಿಸ್ಲೆಪ್ ಸಂಸ್ಥೆಯಿದೆ. ಜಿಲ್ಲಾ ಮಟ್ಟದಲ್ಲಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಸ್ಥಾಪಿತವಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಕಾರ್ಯನಿರ್ವಹಿಸುತ್ತವೆ. ಅದರ ಕೆಳಗಿನ ಹಂತದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ ಹಾಗೂ ಸಮೂಹ ಸಂಪನ್ಮೂಲ ಕೇಂದ್ರಗಳಿವೆ.

ನಗರದ ಪಶ್ಚಿಮ ಭಾಗದಲ್ಲಿ, ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು 1963ರಲ್ಲಿ ಆರಂಭವಾಗಿದ್ದು, ಇಂಗ್ಲಿಷ್ ಬೋಧಿಸುವ ಶಿಕ್ಷಕರಿಗೆ ತರಬೇತಿ ನೀಡುತ್ತಿದೆ.

ರಾಷ್ಟ್ರ ಮಟ್ಟದಲ್ಲಿ, ನವದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯ (ನೀಪಾ) ಆಶ್ರಯದಲ್ಲಿ 2012ರಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಸ್ಥಾಪನೆಯಾಯಿತು. 2019ರ ಆಗಸ್ಟ್‌ನಲ್ಲಿ ಪ್ರಾರಂಭವಾದ ನಿಷ್ಠಾ ತರಬೇತಿಯನ್ನು 2020ರ ಅಕ್ಟೋಬರ್‌ನಿಂದ ದೀಕ್ಷಾ ಅಂತರ್ಜಾಲ ವೇದಿಕೆಯ ಮೂಲಕವೂ ನೀಡಲಾಯಿತು. ಇದರಿಂದ ಶಾಲೆಯನ್ನು ಬಿಟ್ಟು ತೆರಳದೆ ತರಬೇತಿ ಪಡೆಯುವ ಅವಕಾಶ ಮುಖ್ಯ ಶಿಕ್ಷಕರಿಗೆ ಒದಗಿತು.

ತರಬೇತಿಯ ವಿಷಯಗಳು

ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರದ ಪಠ್ಯಕ್ರಮ ಚೌಕಟ್ಟಿನಲ್ಲಿ ಏಳು ಮುಖ್ಯ ಕ್ಷೇತ್ರಗಳನ್ನು ಗುರುತಿಸಲಾಗಿದೆ:

1. ಶಾಲಾ ನಾಯಕತ್ವದ ಪರಿಕಲ್ಪನೆ
2. ಸ್ವಯಂ ಅಭಿವೃದ್ಧಿ
3. ಬೋಧನೆ ಮತ್ತು ಕಲಿಕೆಯ ಪರಿವರ್ತನೆ
4. ತಂಡ ನಿರ್ಮಾಣ ಮತ್ತು ಮುನ್ನಡೆಸುವಿಕೆ
5. ನಾವೀನ್ಯಕ್ಕೆ ಪ್ರೋತ್ಸಾಹ
6. ಪೋಷಕರು ಹಾಗೂ ಸಮುದಾಯದೊಡನೆ ಸಹಭಾಗಿತ್ವ
7. ಶಾಲಾ ಆಡಳಿತ

ಸಾರ್ವಜನಿಕರ ಅರ್ಜಿಗಳಿಗೆ ನೇರವಾಗಿ ಸಂಬಂಧಿಸಿದವು ಕೊನೆಯ ಎರಡು ಕ್ಷೇತ್ರಗಳು.

ಕಾಯಿದೆ ಮುಖ್ಯ ಶಿಕ್ಷಕರಿಗೆ ವಿಧಿಸಿರುವ ಕರ್ತವ್ಯಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುವ ಈ ಕಾಯಿದೆಯ ಕೆಳಕಂಡ ಅಂಶಗಳನ್ನು ಪೋಷಕರೂ ತಿಳಿದಿರುವುದು ಸೂಕ್ತ.

ಅ) ಪ್ರಕರಣ 5: ಮಗು ಮತ್ತೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಬಯಸಿದಲ್ಲಿ ವರ್ಗಾವಣೆ ಪ್ರಮಾಣ ಪತ್ರವನ್ನು ಕೂಡಲೇ ನೀಡತಕ್ಕದ್ದು. ಪತ್ರ ತಡವಾಯಿತೆಂಬ ಕಾರಣದಿಂದ ಹೊಸ ಶಾಲೆಯು ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಪತ್ರ ನೀಡಲು ವಿಳಂಬ ಮಾಡುವವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ.

ಆ) ಪ್ರಕರಣ 14: ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವುದೇ ಮಗುವಿಗೆ ದಾಖಲಾತಿ ನಿರಾಕರಿಸುವಂತಿಲ್ಲ. ಕಟ್ಟಡ ಕೆಲಸಕ್ಕಾಗಿ ಬೇರೆ ಜಿಲ್ಲೆಗಳಿಂದ ನಗರಕ್ಕೆ ಬರುವ ಕುಟುಂಬಗಳ ಮಕ್ಕಳಿಗೆ ಇದು ಮುಖ್ಯವಾದ ರಕ್ಷಣೆ.

ಇ) ಪ್ರಕರಣ 21: ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಸದಸ್ಯರು ಪೋಷಕರಾಗಿರಬೇಕು ಹಾಗೂ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ಕರ್ನಾಟಕದಲ್ಲಿ ಈ ಕಾಯಿದೆಗೆ ಮುನ್ನವೇ, ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ, 2001ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು (ಎಸ್.ಡಿ.ಎಂ.ಸಿ.) ರಚಿಸಲಾಯಿತು.

ಮುಖ್ಯ ಶಿಕ್ಷಕರು ತರಬೇತಿಗೆ ತೆರಳಿರುವಾಗ

ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರನ್ನು ಇಲಾಖೆಯ ಆದೇಶದ ಮೇರೆಗೆ ತರಬೇತಿಗೆ ನಿಯೋಜಿಸಲಾಗುತ್ತದೆ. ಈ ಅವಧಿಯಲ್ಲಿ "ಮುಖ್ಯ ಶಿಕ್ಷಕರು ತರಬೇತಿಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ" ಎಂಬ ಉತ್ತರ ಪೋಷಕರಿಗೆ ದೊರೆಯುವುದುಂಟು. ಇದು ಸರಿಯಾದ ಉತ್ತರವಲ್ಲ. ಕಾಯಿದೆಯ ಪ್ರಕರಣ 5, ವರ್ಗಾವಣೆ ಪ್ರಮಾಣ ಪತ್ರ ನೀಡುವ ಕರ್ತವ್ಯವನ್ನು ಮುಖ್ಯ ಶಿಕ್ಷಕರು "ಅಥವಾ ಶಾಲೆಯ ಪ್ರಭಾರದಲ್ಲಿರುವವರು" ನಿರ್ವಹಿಸಬೇಕೆಂದು ವಿಧಿಸುತ್ತದೆ. ಆದುದರಿಂದ ಅರ್ಜಿದಾರರು ಹಿಂದಿರುಗದೆ, ಪ್ರಭಾರ ಶಿಕ್ಷಕರು ಯಾರೆಂದು ವಿಚಾರಿಸಿ ಅರ್ಜಿಯನ್ನು ಅವರಿಗೆ ಸಲ್ಲಿಸಬಹುದು. ಮಕ್ಕಳ ಹಿತಕ್ಕಾಗಿ ನಡೆಯುವ ತರಬೇತಿಯೇ ಮಗುವಿನ ಶಾಲಾ ದಿನಗಳ ನಷ್ಟಕ್ಕೆ ಕಾರಣವಾಗಬಾರದು.

ನೀತಿಗೆ ಸಂಬಂಧಿಸಿದ ಇತ್ತೀಚಿನ ಮಾಹಿತಿ

ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಶಿಕ್ಷಕರು ಹಾಗೂ ಮುಖ್ಯ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ತರಬೇತಿಯನ್ನು ಅಪೇಕ್ಷಿಸಲಾಗಿದೆ. ಕರ್ನಾಟಕ ಸರ್ಕಾರವು ಪ್ರತ್ಯೇಕ ರಾಜ್ಯ ಶಿಕ್ಷಣ ನೀತಿಯನ್ನು ರೂಪಿಸುವ ಸಲುವಾಗಿ 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ರಚಿಸಿದ್ದು, ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದೆ. ನೀತಿಗಳು ಬದಲಾದರೂ ಮೇಲೆ ತಿಳಿಸಿರುವ ಕಾಯಿದೆಯ ಕರ್ತವ್ಯಗಳು ಬದಲಾಗಿರುವುದಿಲ್ಲ.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

1. ಕೋರಿಕೆಯನ್ನು ಲಿಖಿತ ರೂಪದಲ್ಲಿ ಸಲ್ಲಿಸಿ, ದಿನಾಂಕ ನಮೂದಿಸಿದ ಸ್ವೀಕೃತಿ ಪಡೆಯುವುದು.
2. ಶಾಲಾ ಹಂತದಲ್ಲಿ ಪರಿಹಾರ ದೊರೆಯದಿದ್ದಲ್ಲಿ ಎಸ್.ಡಿ.ಎಂ.ಸಿ. ಅಧ್ಯಕ್ಷರ ಗಮನಕ್ಕೆ ತರುವುದು.
3. ಅನಂತರ ಸಂಬಂಧಿಸಿದ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ, ಅಗತ್ಯವಿದ್ದಲ್ಲಿ ಉಪನಿರ್ದೇಶಕರಿಗೆ ಮನವಿ ಸಲ್ಲಿಸುವುದು. ಅತ್ತಿಗುಪ್ಪೆಯ ನಿವಾಸಿಗಳು ತಮ್ಮ ಶಾಲೆ ಯಾವ ಶೈಕ್ಷಣಿಕ ವಲಯಕ್ಕೆ ಸೇರಿದೆ ಎಂಬುದನ್ನು ಶಾಲೆಯಲ್ಲಿಯೇ ಕೇಳಿ ತಿಳಿಯಬಹುದು.
4. ಶಿಕ್ಷಣದ ಹಕ್ಕಿಗೆ ಸಂಬಂಧಿಸಿದ ದೂರುಗಳನ್ನು ಕಾಯಿದೆಯ ಪ್ರಕರಣ 32ರನ್ವಯ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಸಮಾಧಾನಕರವಲ್ಲದಿದ್ದಲ್ಲಿ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ನಿಯಮಗಳನ್ನು ಅರಿತ ಮುಖ್ಯ ಶಿಕ್ಷಕರು ಹಾಗೂ ತಮ್ಮ ಹಕ್ಕನ್ನು ಅರಿತ ಪೋಷಕರು ಪರಸ್ಪರ ಸಹಕರಿಸಿದಲ್ಲಿ ಹೆಚ್ಚಿನ ಅರ್ಜಿಗಳು ಶಾಲೆಯ ಹಂತದಲ್ಲಿಯೇ ಇತ್ಯರ್ಥವಾಗಲು ಸಾಧ್ಯ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.