ಸಮಾಜ ಪಾಠ ಬದಲಾದಾಗ ನಾವು ಕೇಳಬೇಕಾದ ಮಾತು



ಬಿತ್ತನೆ ರಾಗಿ ಬದಲಿಸಿರೆಂದು ನಾವು ಹೇಳಿದರೆ ತಾವು ಸುಮ್ಮನೆ ಒಪ್ಪುವುದಿಲ್ಲ. ಯಾರ ಹೊಲದಲ್ಲಿ ಬೆಳೆದು ನೋಡಿದ್ದೀರಿ, ಬೆಂಕಿ ರೋಗ ತಡೆದೀತೆ ಎಂದು ಕೇಳಿಯೇ ಕೇಳುತ್ತೀರಿ. ಮಕ್ಕಳ ಪುಸ್ತಕ ಬದಲಾದಾಗ ಮಾತ್ರ ಯಾರೂ ಕೇಳುವುದಿಲ್ಲ.

ಕೇಂದ್ರೀಯ ವಿದ್ಯಾಲಯ, ನವೋದಯ ಶಾಲೆಗಳಲ್ಲಿ ದೆಹಲಿಯ ಎನ್‌ಸಿಇಆರ್‌ಟಿ ಸಂಸ್ಥೆಯ ಪುಸ್ತಕಗಳಿವೆ. ಆರನೆಯ ತರಗತಿಗೆ ಇತಿಹಾಸ, ಭೂಗೋಳ, ಪೌರನೀತಿಯ ಬೇರೆ ಬೇರೆ ಪುಸ್ತಕಗಳಿದ್ದವು. 2024ರಲ್ಲಿ ಮೂರೂ ಸೇರಿ ಒಂದಾದವು. ಇದು ಒಳ್ಳೆಯದೆಂದೇ ನನ್ನ ಎಣಿಕೆ. ಹಳೇಬೀಡಿನ ದ್ವಾರಸಮುದ್ರದ ಕೆರೆ ಭೂಗೋಳವೂ ಹೌದು, ಇತಿಹಾಸವೂ ಹೌದು. ನೀರು ಹಂಚುವಾಗ ಪೌರನೀತಿಯೂ ಆಗುತ್ತದೆ.

ಪಾಠ ತೆಗೆಯುವ ವಿಷಯ ಬೇರೆ. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ತಗ್ಗಿಸಲೆಂದು ಆ ಸಂಸ್ಥೆ 2022ರಲ್ಲಿ ಕೆಲವು ಪಾಠಗಳನ್ನು ಕೈಬಿಟ್ಟಿತು. ಹನ್ನೆರಡನೆಯ ತರಗತಿಯ ಮೊಗಲರ ಆಸ್ಥಾನದ ಪಾಠವೂ ಅದರಲ್ಲಿತ್ತು. ರಾಜ್ಯಶಾಸ್ತ್ರ ಪುಸ್ತಕಗಳ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ಅವರು, ಈ ಕತ್ತರಿಗೆ ಬೋಧನೆಯ ದೃಷ್ಟಿಯಿಂದ ಕಾರಣ ಕಾಣದೆಂದು ಹೇಳಿ, 2023ರ ಜೂನ್‌ನಲ್ಲಿ ತಮ್ಮ ಹೆಸರು ತೆಗೆಯಲು ಕೋರಿದರು. ಆಗಿನ ಯುಜಿಸಿ ಅಧ್ಯಕ್ಷ ಎಂ. ಜಗದೀಶ್ ಕುಮಾರ್ ಮೊದಲಾದವರು, ಪುಸ್ತಕ ಪರಿಷ್ಕರಣೆ ಸಹಜವೆಂದರು. ಸಹಜ ನಿಜ. ಆದರೆ ಇವೇ ಪಾಠಗಳು ಏಕೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನಮ್ಮ ರಾಜ್ಯದಲ್ಲಿಯೂ ಹೀಗಾಯಿತು. 2022ರ ಪರಿಷ್ಕರಣೆಯಲ್ಲಿ ಬಸವಣ್ಣನವರ ಪಾಠವನ್ನು ಬದಲಿಸಿದ್ದಕ್ಕೆ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮಿಗಳು ಆಕ್ಷೇಪಿಸಿದರು. ದೇವನೂರ ಮಹಾದೇವ ಅವರು ತಮ್ಮ ಬರಹಕ್ಕೆ ಕೊಟ್ಟಿದ್ದ ಒಪ್ಪಿಗೆ ಹಿಂತೆಗೆದರು. 2023ರಲ್ಲಿ ಸರಕಾರ ಬದಲಾಯಿತು. ಶಾಲೆ ತೆರೆದ ಮೇಲೆ, ಜೂನ್‌ನಲ್ಲಿ, ಕೆಲವು ಪಾಠ ಬಿಡಲು ತೀರ್ಮಾನವಾಯಿತು. ಮಗುವಿನ ಕೈಯಲ್ಲಿ ಆಗಲೇ ಪುಸ್ತಕವಿತ್ತು!

ಹಾಗಾದರೆ ಪಾಠ ಬದಲಾಗಲೇಬಾರದೇ? ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನೇ ನೋಡಿ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಅಲ್ಲಿನ ಶಾಸನ ಸುಮಾರು ಕ್ರಿ. ಶ. 450ರದು, ಕನ್ನಡದಲ್ಲೇ ಮೊದಲನೆಯದು ಎಂದು ಬಹುಕಾಲ ಓದಿದೆವು. ಅನಂತರ ತಾಳಗುಂದದಲ್ಲಿ ಶಾಸನವೊಂದು ದೊರೆತು, ಅದು ಕ್ರಿ. ಶ. 370ರದೆಂದು ಪುರಾತತ್ತ್ವ ಇಲಾಖೆ ಹೇಳಿತು. ನಮ್ಮ ಸೀಮೆಯ ಅಭಿಮಾನಕ್ಕೆ ಕೊಂಚ ನೋವಾದೀತು. ಆದರೂ ಕಲ್ಲು ಸಿಕ್ಕಿದೆ, ಅಕ್ಷರ ಪರೀಕ್ಷಿಸಿದ್ದಾರೆ. ವಿದ್ವಾಂಸರು ಅದರ ಮೇಲೆ ವಾದಿಸಬಹುದು. ಇಂಥ ಬದಲಾವಣೆಗೆ ಆಧಾರವಿದೆ. ಬದಲಾದ ಪಾಠ ನಮಗೆ ಹಿತವೋ ಅಹಿತವೋ ಎಂಬುದು ಆಮೇಲಿನ ಮಾತು.

ಈ ಸಲ ಮಕ್ಕಳ ಸಮಾಜ ವಿಜ್ಞಾನದ ಪುಸ್ತಕವನ್ನು ಒಂದು ಸಂಜೆ ಓದಿಸಿ ಕೇಳಿ. ಹೋದ ವರ್ಷದ್ದು ನೆರೆಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟು ನೋಡಿ. ಸೇರಿದ್ದೇನು, ಬಿಟ್ಟಿದ್ದೇನು, ಯಾವ ಆಧಾರದ ಮೇಲೆ ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಿರಿ. ಮೇಷ್ಟರನ್ನು ಗದರಬೇಡಿ, ಪುಸ್ತಕ ಬರೆದವರು ಅವರಲ್ಲ. ಪ್ರಶ್ನೆಯನ್ನು ಬರಹದಲ್ಲಿ ಕೊಟ್ಟರೆ ಮೇಲಿನ ಕಚೇರಿಗೆ ಕಳುಹಿಸಲು ಅವರಿಗೂ ಅನುಕೂಲ.