ಬೆಸ ಅಡಿಯ ಮನೆ, ಗರಸಿನ ಪಾಯ

ಮೂಡಲಗಿಯ ಹೊಸ ಬಡಾವಣೆಗಳಲ್ಲಿ ಮನೆಯ ಅಳತೆ ಕೇಳಿದರೆ ಉತ್ತರ ಹೆಚ್ಚಾಗಿ ಬೆಸ ಸಂಖ್ಯೆಯಲ್ಲೇ ಬರುತ್ತದೆ. 21 ಅಡಿಗೆ 29, ಇಲ್ಲವೇ 23 ಅಡಿಗೆ 31. ಪ್ಲಾಟು 30ಕ್ಕೆ 40 ಇದ್ದರೂ ಒಳಗೆ ಏಳುವ ಮನೆಗೆ ಆ ಅಳತೆ ಇರುವುದಿಲ್ಲ. ಇದಕ್ಕೆ ಕಾರಣ ಆಯ. ಉದ್ದ ಅಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮನೆಯ ಆಯ. ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಐದಾದರೆ ವೃಷಭ, ಏಳಾದರೆ ಗಜ. ಈ ನಾಲ್ಕು ಶುಭ. ಧೂಮ, ಶ್ವಾನ, ಖರ, ಕಾಕ ಎಂಬ ಉಳಿದ ನಾಲ್ಕು ಬೇಡ. 23ನ್ನು 31ರಿಂದ ಗುಣಿಸಿದರೆ 713, ಎಂಟರಿಂದ ಭಾಗಿಸಿದರೆ ಶೇಷ ಒಂದು, ಅಂದರೆ ಧ್ವಜಾಯ. ಒಂಬತ್ತರಿಂದ ಗುಣಿಸಿ ಭಾಗಿಸಿದರೂ ಶೇಷ ಬದಲಾಗದು, ಒಂದೇ ಬರುತ್ತದೆ. ಎರಡು ಬೆಸ ಸಂಖ್ಯೆಗಳ ಗುಣಲಬ್ಧ ಯಾವಾಗಲೂ ಬೆಸ. ಹಾಗಾಗಿ ಎರಡೂ ಬದಿ ಬೆಸ ಅಡಿ ಇಟ್ಟರೆ ಶುಭ ಆಯ ತಪ್ಪುವುದೇ ಇಲ್ಲ. ಒಂದು ಬದಿ ಸಮವಾಯಿತೋ, ಶುಭ ಆಯ ಬರುವುದೇ ಇಲ್ಲ. ಲೆಕ್ಕದ ಪುಸ್ತಕ ಹಿಡಿಯದ ಗೌಂಡಿಯೂ ‘ಎರಡೂ ಕಡೆ ಬೆಸ ಹಿಡೀರಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಈ ಗಣಿತದ ಬಲದಿಂದ.

ಆಯದ ಮೇಲಿನ ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಅದರಿಂದ ಆಗುವ ಒಂದು ಉಪಕಾರವನ್ನು ನಾನು ಮೆಚ್ಚುತ್ತೇನೆ: ಗುದ್ದಲಿ ನೆಲಕ್ಕೆ ಬೀಳುವ ಮುಂಚೆ ಮನೆಮಂದಿಯೆಲ್ಲ ಕುಳಿತು ಅಡಿ ಅಡಿಗೂ ಯೋಚಿಸುತ್ತಾರೆ. ಅಷ್ಟೇ ಶ್ರದ್ಧೆಯನ್ನು ಕಾಲ ಕೆಳಗಿನ ಮಣ್ಣಿಗೂ ಕೊಟ್ಟರೆ ಈ ಭಾಗದ ಅರ್ಧಕ್ಕರ್ಧ ಗೋಡೆಗಳು ಬಿರುಕು ಬಿಡುವುದಿಲ್ಲ. ನಮ್ಮ ಕಡೆ ಮನೆಯ ಆಯುಷ್ಯ ಬರೆಯುವುದು ಎರೆ ಮಣ್ಣು ಮತ್ತು ನೀರು.

ಕಾಗದದ ಕೆಲಸ ಮೊದಲು ಹೇಳಿ ಮುಗಿಸುತ್ತೇನೆ. ಹೊಲವನ್ನು ಮನೆಗೆ ಬಳಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗಬೇಕು. ನಮ್ಮವರ ಬಾಯಲ್ಲಿ ಅದು ಬಿನ್‌ಶೇತ್ಕಿ. ಪ್ಲಾಟು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಹಳ್ಳಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಬೇಕು, ಊರಲ್ಲಾದರೆ ಪುರಸಭೆಯ ಉತಾರ ಮತ್ತು ಕಟ್ಟಡ ಪರವಾನಗಿ. ಮೂಡಲಗಿ ಗೋಕಾಕ ತಾಲ್ಲೂಕಿನಲ್ಲಿದ್ದಾಗ ತಾಲ್ಲೂಕು ಕಚೇರಿಯ ಪ್ರತಿ ಕೆಲಸಕ್ಕೂ ಗೋಕಾಕದ ಬಸ್ಸು ಹತ್ತಬೇಕಿತ್ತು. ಸ್ವಂತ ತಾಲ್ಲೂಕಾದ ಮೇಲೆ ಆ ಅಲೆದಾಟ ಕಡಿಮೆಯಾಗಿದೆ. ನೀರು ಹೊಡೆಯುವ ಮೋಟರಿಗೆ ತಾತ್ಕಾಲಿಕ ವಿದ್ಯುತ್ ಬೇಕು. ಇಲ್ಲಿ ಹೆಸ್ಕಾಂಗೆ ಅರ್ಜಿ ಹಾಕಿದರೆ, ಪಕ್ಕದ ಹುಕ್ಕೇರಿಯ ಹಳ್ಳಿಗಳಲ್ಲಿ ಅರ್ಜಿ ಹೋಗುವುದು 1969ರಲ್ಲಿ ರೈತರೇ ಸದಸ್ಯರಾಗಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ.

ಇನ್ನು ಪಾಯ. ಹೊಸ ಮನೆಯ ಇಡೀ ಕಥೆ ಇಲ್ಲೇ ಇದೆ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿರುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಅಗಲ ಬಿರುಕು ಬಿಡುವ ನೆಲವೇ ಮಳೆಗಾಲದಲ್ಲಿ ಕಾಲಿಗೆ ಅಂಟಿ ಮೇಲೇಳುತ್ತದೆ. ಅದರ ಮೇಲೆ ಕೂತ ಗೋಡೆಯನ್ನೂ ಹಾಗೆಯೇ ಎತ್ತುತ್ತದೆ, ಇಳಿಸುತ್ತದೆ. ಎಲ್ಲ ಕಡೆ ಒಂದೇ ಸಮನೆ ಎತ್ತಿದ್ದರೆ ತೊಂದರೆಯಿರಲಿಲ್ಲ. ಬಚ್ಚಲ ಕಡೆಯ ಮೂಲೆ ಸದಾ ಹಸಿ, ತಲಬಾಗಿಲ ಕಡೆ ಒಣ. ಒಂದೇ ಗೋಡೆಯ ಎರಡು ತುದಿ ಎರಡು ಬಗೆಯಲ್ಲಿ ಆಡಿದಾಗ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಗಿಲಾವ್ ಎಷ್ಟು ಸಲ ಮಾಡಿಸಿದರೂ ಮರುವರ್ಷ ಅದೇ ಜಾಗದಲ್ಲಿ ಗೆರೆ ಮೂಡುವುದು ಇದರಿಂದ. ಬಣ್ಣದವನನ್ನೂ ಗಿಲಾವಿನವನನ್ನೂ ಬೈದರೆ ಅದು ಹೋಗುವುದಿಲ್ಲ.

ಹಳೆಯ ಗೌಂಡಿಗಳ ಉತ್ತರ ಸರಳವಾಗಿತ್ತು: ಗರಸು ಸಿಗುವವರೆಗೂ ತೋಡು. ಎರೆ ಎಲ್ಲ ತೆಗೆದು, ಗಟ್ಟಿ ಗರಸಿನ ಮೇಲೆ ಡಬರ ಕಲ್ಲಿನ ಪಾಯ ಕೂರಿಸಿ, ಒಳಗಿನ ಭರ್ತಿಗೂ ಗರಸನ್ನೇ ಹಾಕಿ, ನೀರು ಕುಡಿಸಿ ಕುಟ್ಟುವುದು. ಇಂದಿಗೂ ಇದಕ್ಕಿಂತ ನಂಬಿಕಸ್ಥ ದಾರಿ ಇನ್ನೊಂದಿಲ್ಲ. ತೊಂದರೆ ಬರುವುದು ಎರೆ ಆಳವಾಗಿರುವ ಕಡೆ, ಅದರಲ್ಲೂ ನದಿಗೆ, ಕಾಲುವೆಗೆ ಹತ್ತಿರವಿರುವ ಭೂಮಿಯಲ್ಲಿ. ಅಲ್ಲಿ ಕಂಬದ ಬುಡಗಳನ್ನು ಆಳಕ್ಕೆ ಇಳಿಸಿ, ಮೇಲೆ ಪ್ಲಿಂತ್ ಬೀಮಿನಿಂದ ಎಲ್ಲವನ್ನೂ ಒಂದಕ್ಕೊಂದು ಕಟ್ಟುತ್ತಾರೆ. ಬೀಮಿನ ಕೆಳಗೆ ಉಸುಕು ಹಾಕಿ, ಎರೆ ಉಬ್ಬಿದರೆ ಅದಕ್ಕೆ ಜಾಗ ಬಿಡುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಪಾಯವನ್ನು ಬಳಕೆಗೆ ತಂದಿತು. ಅದು ಋತುವಿನ ಆಟ ತಾಗದ, ಸುಮಾರು ಮೂರೂವರೆ ಮೀಟರ್ ಆಳದ ಮಣ್ಣನ್ನು ಹಿಡಿದು ನಿಲ್ಲುತ್ತದೆ. ಸಣ್ಣ ಮನೆಗೆ ಇದು ದೊಡ್ಡ ಖರ್ಚಲ್ಲವೇ ಎಂದು ಕೇಳುವವರಿದ್ದಾರೆ. ಮುಂಬದಿಯ ಗೋಡೆಯ ಅಲಂಕಾರಕ್ಕೆ ಸುರಿಯುವ ಹಣ ಎದುರಿಗಿಟ್ಟು ನೋಡಿದರೆ ಖಂಡಿತ ಅಲ್ಲ.

ಇಲ್ಲಿ ಕಾಲುವೆಯ ಮಾತೂ ಬರಬೇಕು. 1897ರಲ್ಲಿ ಧುಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಎಡದಂಡೆ ಕಾಲುವೆ ತೆಗೆದ ಮೇಲೆ ಈ ಸೀಮೆ ಹಸಿರಾಯಿತು, ಕಬ್ಬು ಬಂತು, ಕಬ್ಬಿನ ಹಿಂದೆಯೇ ಸ್ಲ್ಯಾಬಿನ ಮನೆಗಳೂ ಬಂದವು. ಅದೇ ನೀರು ತಗ್ಗು ಭೂಮಿಯನ್ನು ಸವಳು-ಜವಳು ಮಾಡಿತು. ಅಂಥ ಕಡೆ ಕಟ್ಟಿದ ಇಟ್ಟಂಗಿ ಗೋಡೆ ಕೆಳಗಿನಿಂದ ಉಪ್ಪು ನೀರು ಹೀರಿ, ಮೊಳಕಾಲೆತ್ತರಕ್ಕೆ ಬಿಳಿ ಹಿಟ್ಟು ಕಾರುತ್ತದೆ; ಗಿಲಾವ್ ಉದುರುತ್ತದೆ. ಪ್ಲಿಂತಿನ ಮೇಲೆ ನೀರು ತಡೆಯುವ ಕಾಂಕ್ರೀಟಿನ ಪದರ ಹಾಕದೆ ಇಟ್ಟಂಗಿ ಏರಿಸಬಾರದು. ಮನೆಯ ಸುತ್ತ ಫರ್ಸಿಯನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿ, ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಸಾಗಿಸಬೇಕು. ಬೇವಿನ ಗಿಡ ನೆರಳಿಗೆ ಚಲೋ, ಆದರೆ ಎರೆ ಭೂಮಿಯಲ್ಲಿ ಗೋಡೆಗೆ ಒತ್ತಿ ನೆಟ್ಟರೆ ಅದರ ಬೇರು ಒಂದು ಬದಿಯ ಹಸಿಯನ್ನೆಲ್ಲ ಹೀರಿ ಆ ಬದಿಯನ್ನು ಕುಗ್ಗಿಸುತ್ತದೆ.

ಪಾಯದ ಗೆರೆ ಹಾಕುವ ಬೆಳಿಗ್ಗೆ ಗೌಂಡಿಯ ಕೈಚಳಕ ನೋಡಬೇಕು. ಗೂಟ, ಸುತ್ತಲಿ, ಸುಣ್ಣದ ಪುಡಿ, ನೀರು ತುಂಬಿದ ಪಾರದರ್ಶಕ ಪೈಪು, ಇಷ್ಟೇ ಸಾಮಾನು. ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತಿಟ್ಟು, ಓರೆ ಸರಿಯಾಗಿ ಐದು ಅಡಿ ಬರುವವರೆಗೆ ಸುತ್ತಲಿ ಸರಿಸಿದಾಗ ಮೂಲೆ ಗುಣ್ಯಾಕ್ಕೆ ಬರುತ್ತದೆ. ಆಮೇಲೆ ಎದುರುಬದುರು ಮೂಲೆಗಳ ಕರ್ಣ ಅಳೆದು ಎರಡೂ ಸಮ ಇದೆಯೇ ಎಂದು ನೋಡುತ್ತಾನೆ. ಈ ಗಳಿಗೆಯಲ್ಲಿ ಅವಸರ ಮಾಡಿದ ಮನೆಯಲ್ಲಿ ಫರ್ಸಿ ಹಾಸುವಾಗ ಒಂದು ಬದಿಯ ಕಲ್ಲು ಓರೆಯಾಗಿ ಕತ್ತರಿಸಿಕೊಂಡೇ ಹೋಗಬೇಕಾಗುತ್ತದೆ.

ಕೆಲಸದ ಓಟವನ್ನು ತಿಥಿ ಮತ್ತು ಕಬ್ಬು ಎರಡೂ ನಡೆಸುತ್ತವೆ. ಆಷಾಢದಲ್ಲಿ ಗುದ್ದಲಿ ಪೂಜೆ ಇಲ್ಲ. ದೀಪಾವಳಿ ಪಾಡ್ಯ, ಯುಗಾದಿ ಪಾಡ್ಯ, ಅಕ್ಷಯ ತೃತೀಯ ಬಂದರೆ ಗೌಂಡಿ ಸಿಗುವುದಿಲ್ಲ. ಕಾರ್ಖಾನೆಗೆ ಕಬ್ಬು ಹೋಗಿ ಬಿಲ್ಲು ಬಂದಾಗ ಸ್ಲ್ಯಾಬು, ಮುಂದಿನ ಬಿಲ್ಲಿಗೆ ಗಿಲಾವ್, ಅದರ ಮುಂದಿನದಕ್ಕೆ ಫರ್ಸಿ, ಬಾಗಿಲು. ಬಿಲ್ಲು ತಡವಾದರೆ ಮನೆಯೂ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಒಂದೇ ಸಾಲದಲ್ಲಿ, ಒಂದೇ ಗುತ್ತಿಗೆಯಲ್ಲಿ ಏಳುವ ಮನೆಗೂ ಇಲ್ಲಿ ಎರಡು ಮೂರು ಹಂಗಾಮು ಬಾಳಿ ಏಳುವ ಮನೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಇದನ್ನು ಬಡತನ ಎಂದು ನೋಡಬೇಕಿಲ್ಲ. ಪಾಯ ಒಂದು ಮಳೆಗಾಲ ಕಂಡು ಕೂತ ಮೇಲೆ ಗೋಡೆ ಏರಿಸಿದರೆ ಭರ್ತಿ ಮಣ್ಣು ಎಲ್ಲಿ ಕುಸಿಯುತ್ತದೆ ಎಂಬುದು ಮೊದಲೇ ತಿಳಿದುಹೋಗುತ್ತದೆ.

ಚೌಕಟ್ಟು ನಿಲ್ಲಿಸುವ ದಿನ ಮನೆಗೆ ಮೊದಲ ಮಂಗಳ. ತಲಬಾಗಿಲ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮುತ್ತೈದೆಯರು ಆರತಿ ಬೆಳಗಿ, ಕಾಯಿ ಒಡೆದು, ಬಡಿಗೇರರಿಗೂ ಗೌಂಡಿಗೂ ಬಟ್ಟೆ ಕೊಡುತ್ತಾರೆ. ಸ್ಲ್ಯಾಬಿನ ದಿನ ಇದಕ್ಕಿಂತ ಗದ್ದಲ. ಮುಂಜಾನೆಯೇ ಮಿಕ್ಸರ್ ಗುಡುಗತೊಡಗಿ, ಹೆಂಗಸರು ಗಂಡಸರು ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಾರೆ; ಕೆಲಸ ಮುಗಿಯುವವರೆಗೆ ಕೈ ನಿಲ್ಲಿಸುವಂತಿಲ್ಲ. ಅವತ್ತು ಮಾಲೀಕರು ಒಲೆಯ ಹತ್ತಿರ ನಿಲ್ಲದೆ ಮಿಕ್ಸರಿನ ಹತ್ತಿರ ನಿಲ್ಲಬೇಕು. ಎಂ-20 ಕಾಂಕ್ರೀಟಿಗೆ 50 ಕಿಲೋದ ಒಂದು ಸಿಮೆಂಟ್ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬೇಡ ಎನ್ನುತ್ತದೆ ಭಾರತೀಯ ಮಾನಕ 456. ಸಲೀಸಾಗಿ ಹರಿಯಲಿ ಎಂದು ಕೊಡಗಟ್ಟಲೆ ನೀರು ಸುರಿಯುವುದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಹೆಚ್ಚಿನ ನೀರು ಆರಿ ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದು ಮುಂದೆ ಅಲ್ಲಿಂದಲೇ ಸೋರುತ್ತದೆ. ರಾಡಿನ ಕೆಳಗೆ 20 ಮಿಲಿಮೀಟರಿನ ಕವರ್ ಬ್ಲಾಕ್ ಇಡದೆ ಬರೀ ಖಡಿ ಚೂರು ಇಟ್ಟರೆ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದ ರಾಡು ಸ್ಲ್ಯಾಬಿನ ತಳ ಒಡೆದು ಕಾಣಿಸಿಕೊಳ್ಳುತ್ತದೆ.

ಕಲಸುವಾಗ ನೀರು ಕಡಿಮೆ, ಹಾಕಿದ ಮೇಲೆ ನೀರು ಹೆಚ್ಚು. ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಒಣ ಬಿಸಿಲಿನಲ್ಲಿ ಹತ್ತು ದಿನ ಸ್ಲ್ಯಾಬು ಹಸಿಯಾಗಿರಬೇಕು. ನಮ್ಮ ಮಾರ್ಚ್-ಏಪ್ರಿಲಿನ ಬಿಸಿಲಿಗೆ ಹದಿನಾಲ್ಕು ದಿನ ಎಂದುಕೊಳ್ಳುವುದೇ ಲೇಸು. ಮೇಲೆ ಮಣ್ಣಿನ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸುವ ಈ ಕೆಲಸ ಬಹುಪಾಲು ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ನಸುಕಿನಲ್ಲಿ, ಮಧ್ಯಾಹ್ನ, ಸಂಜೆ ಕೊಡ ಹೊತ್ತು ಏಣಿ ಹತ್ತಿದ ಅವರ ದುಡಿಮೆ ಯಾವ ಗುತ್ತಿಗೆಯ ಲೆಕ್ಕದಲ್ಲೂ ಬರುವುದಿಲ್ಲ. ಸ್ಲ್ಯಾಬಿಗೆ ಬಲ ಕೊಟ್ಟಿದ್ದು ಆ ದುಡಿಮೆ. ಹಾಗೆಯೇ ಬುಟ್ಟಿ ಹೊತ್ತ ಕೂಲಿಯವರ ಬಗ್ಗೆಯೂ ಒಂದು ಮಾತು: ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನ ಯಾರೇ ಆದರೂ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅದಕ್ಕೆ ಬೇಕಾದ ಕೆಲಸದ ದೃಢೀಕರಣಕ್ಕೆ ಮನೆ ಕಟ್ಟಿಸುವವರು ನೆರವಾಗುವುದು ಅವರ ಕರ್ತವ್ಯವೇ ಸರಿ.

2019ರ ಆಗಸ್ಟ್ ಈ ಭಾಗದ ಮನೆ ಕಟ್ಟುವ ರೀತಿಯನ್ನೇ ಬದಲಿಸಿತು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಟ್ಟಿಗೆ ಉಕ್ಕಿ, ಗೋಕಾಕ ನಗರಕ್ಕೂ ಮೂಡಲಗಿ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೂ ನೀರು ಹೊಕ್ಕಿತು. ಎರಡು ಅಡಿ ದಪ್ಪದ ಮಣ್ಣಿನ ಗೋಡೆಯ, ಮೇಲೆ ಸವಳು ಮಣ್ಣು ಹೊದ್ದ ಮಾಳಿಗೆ ಮನೆಗಳು ನೀರು ಇಳಿದ ಮೇಲೆ ಒಂದೊಂದಾಗಿ ಕುಸಿದವು. ಪೂರ್ಣ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿ, ಕೆಲಸ ಏರಿದಂತೆ ಹಂತ ಹಂತವಾಗಿ ಕೊಟ್ಟಿತು. 2021ರ ಜುಲೈನಲ್ಲಿ ಮತ್ತೆ ನದಿ ಏರಿತು. ಇವತ್ತು ದಂಡೆಯ ಊರುಗಳಲ್ಲಿ ಗೌಂಡಿಯ ಮೊದಲ ಪ್ರಶ್ನೆ, ‘ಹೊಳಿ ನೀರು ಎಲ್ಲೀತನಕ ಬಂದಿತ್ತರಿ?’ ಗೋಡೆಯಲ್ಲಿ ಉಳಿದ ಆ ಗುರುತಿಗಿಂತ ಮೇಲೆ ಪ್ಲಿಂತ್ ಬರಬೇಕು. ಅಷ್ಟು ಎತ್ತರಿಸಲು ಆಗದ ಕಡೆ ಮನೆಯನ್ನೇ ಎತ್ತರದ ಜಾಗಕ್ಕೆ ಒಯ್ಯುವುದು ಒಳ್ಳೆಯದು, ಎಷ್ಟೇ ಕಷ್ಟವಾದರೂ.

ಹಳೆಯ ಮಾಳಿಗೆ ಮನೆ ನೀರಿಗೆ ಸೋತಿತು ನಿಜ, ಬಿಸಿಲಿಗೆ ಎಂದೂ ಸೋತಿರಲಿಲ್ಲ. ತೊಲೆಗಳ ನಡುವಿನ ಅಂಕಣಗಳಿಂದ ಅಳೆಯುತ್ತಿದ್ದ ಆ ಮನೆಯಲ್ಲಿ ಮುಂದೆ ದನಗಳು, ಮೆಟ್ಟಿಲೇರಿದರೆ ಪಡಸಾಲಿ, ಒಳಗೆ ದೇವರು, ಅಡಿಗೆ, ಮೇಲಿಂದ ಬೆಳಕಿಂಡಿಯ ಬೆಳಕು, ನೆಲದಡಿ ಜೋಳದ ಹಗೇವು. ಐದು ಇಂಚಿನ ಬರೀ ಸ್ಲ್ಯಾಬು ಏಪ್ರಿಲಿನ ಮಧ್ಯಾಹ್ನ ಕುಡಿದ ಬಿಸಿಯನ್ನು ನಡುರಾತ್ರಿಯವರೆಗೂ ಒಳಗೆ ಬಿಡುತ್ತಿರುತ್ತದೆ. ಹೊಸ ನಕ್ಷೆ ಬರೆಸುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟು: ಪಡಸಾಲಿಯನ್ನು ಟೀವಿ ಹಾಲಿಗೆ ಪೂರ್ತಿ ಬಲಿ ಕೊಡಬೇಡಿ, ನಡುಮನೆಗೆ ಮೇಲಿಂದ ಗಾಳಿ ಬೆಳಕಿನ ಕಿಂಡಿ ಇಡಿಸಿ, ಪಶ್ಚಿಮದ ಗೋಡೆಯನ್ನು ಒಂಬತ್ತು ಇಂಚಿಗಿಂತ ತೆಳುವಾಗಿಸಬೇಡಿ, ಎಮ್ಮೆ ಇರುವ ಮನೆಯಾದರೆ ಕೊಟ್ಟಿಗೆಯನ್ನು ನಕ್ಷೆಯಲ್ಲೇ ಬರೆಸಿ, ಆಮೇಲೆ ಪತ್ರಾಸು ಹೊಡೆಯುವ ಲೆಕ್ಕಕ್ಕೆ ಬಿಡಬೇಡಿ.

ವಾಸ್ತುಶಾಂತಿ ಮುಗಿದು, ಹಾಲು ಉಕ್ಕಿ, ಹೋಳಿಗೆ ಊಟವಾಗಿ, ಬೀಗರು ಆಯೇರಿ ಮಾಡಿ ಹೋದ ಮೇಲೂ ನಮ್ಮ ಮನೆಗಳ ಮೇಲೆ ಕಂಬದ ರಾಡುಗಳು ನಿಂತೇ ಇರುತ್ತವೆ. ಮಗನ ಮದುವೆಗೆ ಮೇಲೆ ಎರಡು ಖೋಲಿ ಬೇಕು ಎಂಬ ಲೆಕ್ಕ ಅದು. ಎಷ್ಟೋ ವರ್ಷ ಮಳೆಗೆ ನೆನೆದ ಆ ರಾಡುಗಳ ತುಕ್ಕು ಕೆಳಗಿನ ಕಂಬದೊಳಕ್ಕೂ ಇಳಿಯುತ್ತದೆ. ಗೌಂಡಿ ಊರಿಗೆ ಹೋಗುವ ಮುಂಚೆ ಅವಕ್ಕೆ ಗಟ್ಟಿ ಸಿಮೆಂಟ್ ಹಾಲು ಬಳಿದು, ಸುತ್ತ ಬಡ ಕಾಂಕ್ರೀಟು ಹಾಕಿ ಮುಚ್ಚಿಸಿ. ಮೇಲಿನ ಖೋಲಿ ಕಟ್ಟುವಾಗ ಅದನ್ನು ಒಡೆದು ತೆಗೆದರಾಯಿತು.